ನಾಲ್ಕನೆಯ ಸಾಲಿನ ತಾಳ

ಸ್ಪರ್ಧೆಯ ನಿಯಮಗಳ ಹಾಳೆಯನ್ನು ಸೂಜಿ ಮೇಜಿನ ಮೇಲೆ ಹರಡಿದಾಗ ಅವಳ ತಾಯಿ ಅಲ್ಲೇ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಹಾಳೆಯ ಒಂದು ಮೂಲೆ ನೆನೆಯಿತು.

"ಅಮ್ಮಾ, ನೀರು!" ಎಂದು ಸೂಜಿ ಹಾಳೆಯನ್ನು ಮೇಲಕ್ಕೆತ್ತಿದಳು.

ಸೂಜಿ ಅವಳ ನಿಜವಾದ ಹೆಸರಲ್ಲ. ಸಣಕಲು ಮೈ, ಚುಚ್ಚುವ ಮಾತು, ಅದಕ್ಕೆ ತಾತ ಇಟ್ಟ ಹೆಸರು. ಈಗ ಅವಳಿಗೆ ಹತ್ತೊಂಬತ್ತು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಡೆದ ಗಾಜು ಬದಲಾಯಿಸುವ ಕೆಲಸ ಮಾಡುತ್ತಿದ್ದಳು.

"ಏನದು?" ಎಂದು ತಂದೆ ಕೇಳಿದ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ಎಷ್ಟು ತಿಕ್ಕಿ ತೊಳೆದರೂ ಆಯಾ ವಾರದ ಬಣ್ಣ ಕಿವಿಯ ಹಿಂದೆ ಉಳಿದೇ ಇರುತ್ತಿತ್ತು. ಈ ವಾರ ತಿಳಿ ಹಸಿರು.

"ಮ್ಯೂಸಿಕ್ ವಿಡಿಯೋ ಸ್ಪರ್ಧೆ. ಹವ್ಯಾಸಿಗಳಿಗೆ ಮಾತ್ರ. ಗೆದ್ದೋರಿಗೆ ಒಂದು ವರ್ಷ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕಲಿಸ್ತಾರೆ. ಪುಕ್ಕಟೆ."

"ಹಾಡೋರು ಯಾರು? ನೀನು ಬಾಯಿ ತೆಗೆದ್ರೆ ಪಕ್ಕದ ಮನೆಯವರು ಗಂಟುಮೂಟೆ ಕಟ್ತಾರೆ."

"ನಾನಲ್ಲಪ್ಪ. ಅಮ್ಮ."

ತಾಯಿ ತಲೆಯೆತ್ತಲಿಲ್ಲ. "ನನಗೆಲ್ಲಿ ಹಾಡು ಬರುತ್ತೆ."

"ದಿನಾ ಎಂಟು ಗಂಟೆ ಹೊತ್ತು ಹಾಡ್ತೀಯಲ್ಲ ಲಾಂಡ್ರೀಲಿ?"

"ಅದು ಹಾಡಲ್ಲ ಕಣೇ. ಎಣಿಕೆ."

ಅವಳು ಹೇಳಿದ್ದು ನಿಜ. ಊರಿನ ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ಒಗೆದ ಹಸಿ ಬೆಡ್‌ಶೀಟನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಕಾದ ರೋಲರ್‌ಗೆ ಕೊಡಬೇಕು. ಆ ಕಡೆ ಇನ್ನಿಬ್ಬರು ಅದನ್ನು ಹಿಡಿದು ಮಡಚಬೇಕು. ಬಟ್ಟೆ ಯಾವಾಗ ಕೊಡಬೇಕು, ಕೈ ಯಾವಾಗ ಹಿಂದಕ್ಕೆಳೆಯಬೇಕು ಎಂದು ಹೇಳಲು ರೋಲರ್‌ಗೆ ಒಂದು ಎಚ್ಚರಿಕೆ ಗಂಟೆ ಇತ್ತು. ಎರಡು ವರ್ಷದ ಹಿಂದೆ ಅದು ಕೆಟ್ಟಿತು. ಮೊದಲು ತಾಯಿ "ಒಂದು, ಎರಡು, ಮೂರು" ಎಂದು ಕೂಗುತ್ತಿದ್ದಳು. ಯಂತ್ರಗಳ ಗದ್ದಲದಲ್ಲಿ ಅಂಕಿಗಳು ಕೇಳಿಸುತ್ತಿರಲಿಲ್ಲ, ರಾಗ ಕೇಳಿಸುತ್ತಿತ್ತು. ಹಾಗಾಗಿ ನಾಲ್ಕು ಸಾಲು ಕಟ್ಟಿದಳು:

ಒಂದಂಚು ನಿನಗಕ್ಕ, ಒಂದಂಚು ನನಗೆ,
ಎರಡಂಚು ಕೂಡಲಿ ಎದೆಯ ಮಟ್ಟಕ್ಕೆ,
ಬಿಸಿಯುಂಟು, ಬದಿಗಿರಲಿ ಬೆರಳಿನ ತುದಿಯು,
ಮಡಿಕೆಯ ಮೇಲೊಂದು ಮಡಿಕೆ... ಬಾ.

"ಬಾ" ಎಂದಾಗ ಕೈ ಮುಂದೆ. ಉಳಿದಂತೆ ಕೈ ಹಿಂದೆ. ಗಂಟೆಯನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ಗಂಟೆಯ ದುರಸ್ತಿಗೆ ಹಣ ಬೇಕು. ಹೆಂಗಸಿನ ಗಂಟಲಿಗೆ ಬೇಡ.

"ಇದೇನಿದು, 'ವೀಕ್ಷಕರ ಪ್ರತಿಕ್ರಿಯೆಗಳಿಗೆ ಸ್ಪಂದನೆ: ಇಪ್ಪತ್ತು ಅಂಕ'?" ತಾತ ಕನ್ನಡಕ ಏರಿಸಿ ಹಾಳೆ ಓದುತ್ತಿದ್ದ.

"ನೋಡಿದೋರು ಕೆಳಗಡೆ ಏನಾದ್ರೂ ಬರೀತಾರಲ್ಲ ತಾತ, ಅದಕ್ಕೆ ನಾವು ಉತ್ತರ ಕೊಡಬೇಕು. ಅದಕ್ಕೂ ಅಂಕ ಇದೆ. ಯಾವುದನ್ನೂ ಅಳಿಸೋ ಹಾಗಿಲ್ಲ. ನನಗೆ ಅಂಗಡೀಲಿ ಪುರುಸೊತ್ತಿರಲ್ಲ..."

"ನಾನಿದೀನಲ್ಲ," ಎಂದ ತಾತ.

ತಂದೆ ನಕ್ಕ. "ಮುಗೀತು ಬಿಡು. ರಸೀದಿ ತಾತ ಮತ್ತೆ ಕೆಲಸಕ್ಕೆ ಹಾಜರ್."

ತಾತ ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂತವನು. ನಲ್ಲಿ ಬರಲಿಲ್ಲ, ಪೈಪು ಒಡೆಯಿತು, ಮೀಟರ್ ಹುಚ್ಚುಹುಚ್ಚಾಗಿ ಓಡುತ್ತಿದೆ ಎಂದು ಬಂದ ಪ್ರತಿಯೊಬ್ಬನಿಗೂ ಮಾರನೆಯ ದಿನದೊಳಗೆ ಬರಹದಲ್ಲಿ ಉತ್ತರ ಹೋಗಬೇಕೆಂಬುದು ಅಲ್ಲಿಯ ನಿಯಮ. ಉಳಿದವರು ಆ ನಿಯಮವನ್ನು ಗೋಡೆಗೆ ಅಂಟಿಸಿ ಮರೆತಿದ್ದರು. ತಾತ ಮರೆತಿರಲಿಲ್ಲ, ದೂರಿಗೊಂದು ರಸೀದಿ ಕೊಡದೆ ಯಾರನ್ನೂ ಕಳುಹಿಸುತ್ತಿರಲಿಲ್ಲ.

ಲಾಂಡ್ರಿಯೊಳಗೆ ಮೊಬೈಲ್ ತರುವ ಹಾಗಿರಲಿಲ್ಲ. ಭಾನುವಾರ ಅರ್ಧ ಪಾಳಿ, ಸೂಪರ್‌ವೈಸರ್ ಬರುವುದು ತಡ. ಊಟದ ಡಬ್ಬಿ ಕೊಡುವ ನೆಪದಲ್ಲಿ ಸೂಜಿ ಒಳಗೆ ಬಂದು, ರೋಲರ್ ಇದ್ದ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಫೋನಿಟ್ಟು ಇಪ್ಪತ್ತು ನಿಮಿಷ ಚಿತ್ರೀಕರಿಸಿದಳು. ಬಿಳಿ ಬಟ್ಟೆ ಗಾಳಿ ತುಂಬಿ ಏಳುವುದು, ಹಬೆ, ತಾಯಿಯ ಗಲ್ಲದಿಂದ ಇಳಿಯುವ ಬೆವರು. ತಾಯಿಯ ಎದುರು ನಿಂತವಳು ಗಿಡ್ಡಕ್ಕ. ಇಬ್ಬರೂ ಹನ್ನೊಂದು ವರ್ಷದಿಂದ ಒಂದೇ ಬೆಡ್‌ಶೀಟಿನ ಎರಡು ತುದಿಗಳು.

"ನನ್ನನ್ನು ಸ್ವಲ್ಪ ಎತ್ತರ ತೋರ್ಸೇ ಹುಡುಗಿ," ಎಂದಳು ಗಿಡ್ಡಕ್ಕ.

"ಸ್ಟೂಲ್ ಹಾಕ್ಕೊಳ್ಳಿ ಅತ್ತೆ."

"ಸ್ಟೂಲ್ ಮೇಲೆ ನಿಂತ್ರೂ ಗಿಡ್ಡಿ ಗಿಡ್ಡೀನೇ. ನಡಿ, ಸೂಪರ್‌ವೈಸರ್ ಬರೋ ಹೊತ್ತಾಯ್ತು."

ಮನೆಗೆ ಬಂದು ಸೂಜಿ ಮೂರು ಸಂಜೆ ಕೂತು ಕತ್ತರಿಸಿ ಜೋಡಿಸಿ ಎರಡೂವರೆ ನಿಮಿಷದ ವಿಡಿಯೋ ಮಾಡಿದಳು. ವಾದ್ಯ ಏನೂ ಸೇರಿಸಲಿಲ್ಲ. ರೋಲರಿನ ಸದ್ದೇ ಶ್ರುತಿ, ಬೆಡ್‌ಶೀಟನ್ನು ಫಟ್ಟೆಂದು ಕೊಡವುವುದೇ ತಾಳ. ತಾಯಿಗೆ ತೋರಿಸಿದಾಗ ಅವಳು ಪಾತ್ರೆ ತಿಕ್ಕುತ್ತಲೇ ಪೂರ್ತಿ ನೋಡಿದಳು.

"ಹೇಗಿದೆ?"

"ಆ ಮೂಲೇಲಿ ಬಟ್ಟೆ ನೆಲಕ್ಕೆ ತಾಗಿದೆ. ಮತ್ತೆ ಒಗೀಬೇಕಾಯ್ತು ಅದನ್ನ."

"ಹಾಡು ಹೇಗಿದೆ ಅಂದೆ."

"ಕೇಳಿಸ್ತಿದೆ," ಎಂದಳು ತಾಯಿ.

*

ಮೊದಲ ವಾರ ನಾನೂರು ಜನ ನೋಡಿದರು. ಎರಡನೆಯ ವಾರ ಹನ್ನೆರಡು ಸಾವಿರ. ತಾತ ಬೆಳಗಿನ ತಿಂಡಿ ಮುಗಿದ ಮೇಲೆ ಮೇಜನ್ನು ಒರೆಸಿ, ಸೂಜಿಯ ಹಳೆಯ ಫೋನನ್ನು ಡಬ್ಬಿಗೆ ಒರಗಿಸಿ, ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದ. ರಾತ್ರಿ ಊಟದ ಹೊತ್ತಿಗೆ ಸೂಜಿ ಅವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು.

"ಕೇಳು ಅಪ್ಪ. ಒಬ್ಬ ಬರೆದಿದಾನೆ, 'ಆಂಟಿ, ಬೆವರು ಒರೆಸ್ಕೊಳ್ಳಿ.' ತಾತನ ಉತ್ತರ: 'ಮಾನ್ಯರೇ, ಎರಡೂ ಕೈಗಳು ಬಟ್ಟೆಯ ಮೇಲಿರುವುದರಿಂದ ಬೆವರು ಒರೆಸಿಕೊಳ್ಳಲು ಸಾಧ್ಯವಾಗುವುದಿಲ್ಲ. ತಮ್ಮ ಕಾಳಜಿಗೆ ವಂದನೆಗಳು.'"

"ತಪ್ಪೇನಿದೆ?" ಎಂದ ತಾತ.

"ಇನ್ನೊಬ್ಬಳು, 'ಈ ಹಾಡು ಕೇಳ್ತಾ ಎಷ್ಟು ಹಾಯಾಗಿ ನಿದ್ದೆ ಬರುತ್ತೆ.' ತಾತ: 'ಮಾನ್ಯರೇ, ಸದರಿ ಹಾಡನ್ನು ನಿದ್ದೆ ಬರಬಾರದೆಂದೇ ಕಟ್ಟಲಾಗಿದೆ.'"

ತಂದೆಯ ಗಂಟಲಿಗೆ ಅನ್ನ ಸಿಕ್ಕಿಕೊಂಡಿತು. ಸೂಜಿ ಅವನ ಬೆನ್ನು ತಟ್ಟಿದಳು. ತಾಯಿ ನೀರಿನ ಲೋಟ ಮುಂದೆ ಸರಿಸಿದಳು, ನಗಲಿಲ್ಲ.

ಕೆಲವನ್ನು ಸೂಜಿ ಓದುತ್ತಿರಲಿಲ್ಲ. 'ಈ ಮುಖಕ್ಕೆ ಹಾಡು ಬೇರೆ ಕೇಡು' ಎಂಬುದನ್ನು ತಾಯಿ ತಾನೇ ಒಂದು ದಿನ ಫೋನು ಎತ್ತಿಕೊಂಡು ಓದಿದಳು.

"ಅದನ್ನ ಬಿಡಮ್ಮ. ಕೆಲಸ ಇಲ್ಲದೋರು."

"ಇರಲಿ ಬಿಡು. ಎಷ್ಟು ಹೊತ್ತಿಂದ ನಿಂತಿದ್ದೆ ಅಂತ ಅವನಿಗೇನು ಗೊತ್ತು." ಅವಳು ಫೋನನ್ನು ಮೇಜಿನ ಮೇಲಿಟ್ಟಳು. "ಮಾವ ಏನು ಬರೆದಿದಾರೆ ಇದಕ್ಕೆ?"

"'ಮಾನ್ಯರೇ, ತಮ್ಮ ದೂರು ತಲುಪಿದೆ. ಮುಖದ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.'"

ಆಗಲೂ ತಾಯಿ ನಗಲಿಲ್ಲ. ಅವಳ ಮುಖ ಎಂಟು ಗಂಟೆಯ ಹಬೆಯಲ್ಲಿ ಬೆಂದು ಬರುತ್ತಿತ್ತು. ಮನೆಗೆ ಬಂದ ಮೇಲೆ ಅದರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಉಪ್ಪು ಹೆಚ್ಚಾದರೂ ತಿನ್ನುತ್ತಿದ್ದಳು, ಕಡಿಮೆಯಾದರೂ ತಿನ್ನುತ್ತಿದ್ದಳು.

ಮೂರನೆಯ ವಾರ ಕೊನೆಯ ಹತ್ತು ಸ್ಪರ್ಧಿಗಳ ಪಟ್ಟಿ ಬಂತು. ಅವರ ವಿಡಿಯೋ ಅದರಲ್ಲಿತ್ತು. ಸೂಜಿ ಅಂಗಡಿಯಿಂದ ಓಡಿಬಂದು ತಾತನನ್ನು ಕುರ್ಚಿ ಸಮೇತ ಅಲುಗಾಡಿಸಿದಳು. ಅದೇ ದಿನ ಒಂದು ಹೊಸ ಪ್ರತಿಕ್ರಿಯೆ ಬಂದಿತ್ತು. ಬರೆದವನು ಸಂಗೀತದ ಮೇಷ್ಟ್ರಂತೆ. 'ನಾಲ್ಕನೆಯ ಸಾಲಿನಲ್ಲಿ ತಾಳ ತಪ್ಪಿದೆ. "ಬಾ" ಎನ್ನುವ ಮೊದಲು ಒಂದು ಮಾತ್ರೆ ಹೆಚ್ಚಾಗಿದೆ. ಪ್ರತಿ ಸಲವೂ ಅದೇ ತಪ್ಪು. ಸ್ಪರ್ಧೆಗೆ ಬರುವ ಮುನ್ನ ಕಲಿತು ಬರುವುದು ಒಳ್ಳೆಯದು.'

ತಾತನಿಗೆ ತಾಳ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಉತ್ತರ ಕೊಡುವ ಮೊದಲು ವಿಚಾರಣೆ ಮಾಡಬೇಕು. ಊಟಕ್ಕೆ ಕೂತಾಗ ಸೊಸೆಯನ್ನು ಕೇಳಿದ.

"ನಾಲ್ಕನೇ ಸಾಲಲ್ಲಿ ಒಂದು ಗಳಿಗೆ ನಿಲ್ಲಿಸ್ತೀಯಂತಲ್ಲಮ್ಮ. ಯಾಕೆ?"

"ಗಿಡ್ಡಿಗೋಸ್ಕರ ಮಾವ." ತಾಯಿ ಬ್ರೆಡ್ಡು ಮುರಿದು ಬೇಳೆ ಸಾರಿನಲ್ಲಿ ಅದ್ದಿದಳು. "ಅವಳ ಬಲಗೈಲಿ ಮೂರೇ ಬೆರಳಲ್ವಾ. ಅಂಚು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೇ ಒಂದು ಎಣಿಕೆ ಬಿಟ್ಟು 'ಬಾ' ಅಂತೀನಿ."

"ಬೆರಳು ಹೋಗಿದ್ದು ಹೇಗೆ?"

"ಗಂಟೆ ಕೆಟ್ಟು ಒಂದು ತಿಂಗಳಾಗಿತ್ತು. ಆಗಿನ್ನೂ ನಾನು ಹಾಡ್ತಿರಲಿಲ್ಲ, ಬರೀ ಅಂಕಿ ಕೂಗ್ತಿದ್ದೆ. ಅವಳಿಗೆ ಕೇಳಿಸಲಿಲ್ಲ. ಕೈ ಒಳಗೆ ಹೋಯ್ತು."

"ಯಾವ ರೋಲರ್?"

"ಮೂರನೇದು. ಆಮೇಲೆ ಲಾಂಡ್ರಿಯವರು ಮನೇಲಿ ಅಡುಗೆ ಮಾಡ್ತಾ ಆದ ಗಾಯ ಅಂತ ಬರೆಸಿಕೊಂಡ್ರು. ಹಾಗೆ ಬರೆದ್ರೇ ಆರು ವಾರ ಆದ್ಮೇಲೆ ಕೆಲಸಕ್ಕೆ ವಾಪಸ್ ತಗೋತೀವಿ ಅಂದ್ರು. ಬರೆದುಕೊಟ್ಟಳು. ಸೂಜಿ, ಉಪ್ಪು ಕೊಡು."

ಸೂಜಿ ಉಪ್ಪು ಕೊಟ್ಟಳು. ಅಷ್ಟು ಹೊತ್ತೂ ಯಾರೂ ತುತ್ತು ಎತ್ತಿರಲಿಲ್ಲ, ತಾಯಿಯ ಹೊರತು.

ಮರುದಿನ ಬೆಳಿಗ್ಗೆ ತಾತ ಮೇಜು ಒರೆಸಿ, ಎರಡು ಗಂಟೆ ಕೂತು ಬರೆದ: 'ಮಾನ್ಯರೇ, ತಮ್ಮ ಪ್ರತಿಕ್ರಿಯೆಯನ್ನು ವಿಚಾರಣೆಗೆ ಒಳಪಡಿಸಲಾಯಿತು. ಸದರಿ ಹೆಚ್ಚುವರಿ ಮಾತ್ರೆಯು ತಪ್ಪಲ್ಲ. ಎದುರಿನ ಕೆಲಸಗಾರ್ತಿಯ ಬಲಗೈಯ ಎರಡು ಬೆರಳುಗಳು ಮೂರನೆಯ ರೋಲರಿಗೆ ಹೋದ ಕಾರಣ, ಬಟ್ಟೆ ಹಿಡಿಯಲು ಅವರಿಗೆ ಅಷ್ಟು ಕಾಲಾವಕಾಶ ಬೇಕಾಗುತ್ತದೆ. ರೋಲರಿನ ಎಚ್ಚರಿಕೆ ಗಂಟೆ ಎರಡು ವರ್ಷದಿಂದ ಕೆಟ್ಟಿದ್ದು, ಅದರ ಬದಲಿಗೆ ಈ ಹಾಡನ್ನು ಬಳಸಲಾಗುತ್ತಿದೆ. ಲಾಂಡ್ರಿಯವರ ದಾಖಲೆಯಲ್ಲಿ ಇದು ಅಡುಗೆಮನೆಯಲ್ಲಾದ ಗಾಯ ಎಂದಿದೆ. ಅದು ಸರಿಯಲ್ಲ. ತಮ್ಮ ಸೂಕ್ಷ್ಮ ಗಮನಕ್ಕೆ ವಂದನೆಗಳು.'

ಬರೆದು, ಒಮ್ಮೆ ಓದಿ, ಕಳುಹಿಸಿದ. ಮೂವತ್ತೊಂದು ವರ್ಷದಲ್ಲಿ ಅವನು ಇಷ್ಟು ಪೂರ್ಣವಾದ ಉತ್ತರವನ್ನು ಯಾರಿಗೂ ಬರೆದಿರಲಿಲ್ಲ.

*

ಸಂಗೀತದ ಮೇಷ್ಟ್ರು ಎರಡೇ ಮಾತು ಬರೆದರು: 'ಕ್ಷಮಿಸಿ. ತಾಳ ಸರಿಯಿದೆ.'

ಉಳಿದವರು ಎರಡಕ್ಕೆ ನಿಲ್ಲಿಸಲಿಲ್ಲ. ತಾತನ ಉತ್ತರದ ಚಿತ್ರ ಫೋನಿನಿಂದ ಫೋನಿಗೆ ಹಾರಿತು. 'ಅಳು ಬಂತು.' 'ಯಾವ ಲಾಂಡ್ರಿ ಹೇಳಿ.' 'ಅಂಕಕ್ಕೋಸ್ಕರ ಕಥೆ ಕಟ್ತಿದಾರೆ.' 'ಆ ಅಕ್ಕನ ಕೈಯ ವಿಡಿಯೋ ಹಾಕಿ ಪ್ಲೀಸ್.' ಯಾವ ಲಾಂಡ್ರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ವಿಡಿಯೋದಲ್ಲಿ ಎಲ್ಲರ ಏಪ್ರನ್ನಿನ ಮೇಲೂ ಬರೆದಿತ್ತು.

ಗಿಡ್ಡಕ್ಕನಿಗೆ ಸುದ್ದಿ ಮುಟ್ಟಿದ್ದು ಬಸ್ಸಿನಲ್ಲಿ. ತಾಯಿಯೇ ಹೇಳಿದಳು.

"ಮಾವ ನಿನ್ನ ಬೆರಳಿನ ವಿಷಯ ಬರೆದುಬಿಟ್ಟಿದಾರೆ. ನಾನೇ ಹೇಳಿದ್ದು. ಬಾಯಿ ತಪ್ಪಿತು."

ಗಿಡ್ಡಕ್ಕ ಕಿಟಕಿಯಾಚೆ ನೋಡಿದಳು. ಎರಡು ನಿಲ್ದಾಣ ಕಳೆದವು. "ಜನ ಏನಂತಾರೆ?"

"ಹೃದಯದ ಚಿತ್ರ ಕಳಿಸಿದಾರೆ. ಒಂಬೈನೂರಂತೆ."

"ಒಂಬೈನೂರಾ! ಹೋಗಿದ್ದು ಎರಡೇ ಬೆರಳಲ್ವೇನೇ?"

ಗುರುವಾರ ಮ್ಯಾನೇಜರ್ ತಾಯಿಯನ್ನು ಕರೆಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿತು. ತಂಪು ಗಾಳಿಗೆ ಒದ್ದೆ ಬಟ್ಟೆ ಬೆನ್ನಿಗೆ ಅಂಟಿಕೊಂಡಿತು.

"ಕೂತ್ಕೊಳ್ಳಿ ಅಮ್ಮ. ಚೆನ್ನಾಗಿ ಹಾಡಿದೀರ. ನನ್ನ ಹೆಂಡತಿ ನೋಡಿ ಮೆಚ್ಚಿಕೊಂಡಳು."

"ಹೂಂ."

"ಫೋನ್ ಒಳಗೆ ತಂದಿದ್ದಕ್ಕೇ ನಿಮ್ಮನ್ನ ತೆಗೆದುಹಾಕಬಹುದು. ನಾನು ಆ ಮಾತು ಎತ್ತಲ್ಲ. ಆದರೆ ನಿಮ್ಮ ಮಾವ ಬರೆದಿದ್ದನ್ನ ಆಸ್ಪತ್ರೆಗಳವರೂ ನೋಡಿದಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಏನ್ಮಾಡೋಣ ಹೇಳಿ?"

"ಮಾವನಿಗೆ ಅಳಿಸೋಕೆ ಹೇಳ್ಲಾ?"

"ಅಳಿಸಿದ್ರೆ ಹೆದರಿದ್ರು ಅಂತಾರೆ. ಅದೇ ಜಾಗದಲ್ಲಿ ಇನ್ನೊಂದು ವಿಡಿಯೋ ಹಾಕಿ. ಇದನ್ನ ಓದಿ, ಸಾಕು." ಅವನು ಒಂದು ಹಾಳೆ ಮುಂದೆ ಸರಿಸಿದ. ಟೈಪ್ ಮಾಡಿದ ನಾಲ್ಕೈದು ವಾಕ್ಯ. "ಗಿಡ್ಡಕ್ಕ ಅಂತೀರಲ್ಲ, ಆಯಮ್ಮನೂ ಪಕ್ಕದಲ್ಲಿ ಕೂತಿರಲಿ. ಮಾತಾಡೋದು ಬೇಡ. ನಗ್ತಾ ಕೂತ್ರೆ ಸಾಕು. ಕೈ ಮಾತ್ರ ಮೇಜಿನ ಕೆಳಗಿರಲಿ. ಸೋಮವಾರ ಬೆಳಿಗ್ಗೆ ನಾನು ನೋಡೋ ಹೊತ್ತಿಗೆ ಅದು ಬಂದಿರಬೇಕು. ಬರದಿದ್ರೆ ಇಬ್ಬರೂ ಬರೋದು ಬೇಡ."

ತಾಯಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಎದ್ದಳು. ಮತ್ತೆ ರೋಲರಿನ ಬಳಿ ಬಂದು ಪಾಳಿ ಮುಗಿಯುವವರೆಗೆ ಹಾಡಿದಳು.

ಮನೆಯಲ್ಲಿ ಅದನ್ನು ತಂದೆ ಗಟ್ಟಿಯಾಗಿ ಓದಿದ. "'ಇದು ಮನರಂಜನೆಗಾಗಿ ಮಾಡಿದ ವಿಡಿಯೋ. ನಮ್ಮ ಲಾಂಡ್ರಿಯಲ್ಲಿ ಎಲ್ಲ ಸುರಕ್ಷತಾ ಸಾಧನಗಳೂ ಸರಿಯಾಗಿವೆ. ನನ್ನ ಮಾವನವರಿಗೆ ವಯಸ್ಸಾಗಿದ್ದು, ಮರೆವಿನ ಕಾರಣ ತಪ್ಪು ಮಾಹಿತಿ ಬರೆದಿದ್ದಾರೆ. ನಮ್ಮಲ್ಲಿ ಕೆಲಸದ ವೇಳೆ ಯಾರಿಗೂ ಯಾವ ಗಾಯವೂ ಆಗಿಲ್ಲ.' ಇಷ್ಟೇ ತಾನೆ? ಓದಿ ಬಿಸಾಕು."

"ಅಪ್ಪಾ!" ಸೂಜಿ ಕಿರುಚಿದಳು. "ಇದನ್ನ ಹಾಕಿದ್ರೆ ನಾವು ಸುಳ್ಳು ಹೇಳಿ ಅಂಕ ತಗೊಂಡ್ವಿ ಅಂತಾಗುತ್ತೆ. ಸ್ಪರ್ಧೆಯಿಂದ ತೆಗೀತಾರೆ."

"ತೆಗೀಲಿ. ಸ್ಪರ್ಧೆ ಅನ್ನ ಹಾಕುತ್ತಾ? ನನಗೆ ಈ ತಿಂಗಳು ಒಂಬತ್ತು ದಿನ ಕೆಲಸ ಸಿಕ್ಕಿದೆ, ಒಂಬತ್ತೇ. ನಿಮ್ಮಮ್ಮನ ಕೆಲಸ ಹೋದ್ರೆ ಗೋಡೆಗೆ ಬಳಿಯೋ ಸುಣ್ಣ ತಿನ್ನೋಣ್ವಾ?"

"ನಾನೇನು ಬೇಕು ಅಂತ ಮಾಡಿದ್ನಾ? ತಾತ ಬರೆದಿದ್ದು! ಯಾರು ಕೇಳಿದ್ರು ತಾತ ನಿನ್ನ ವಿಚಾರಣೆ? 'ಧನ್ಯವಾದ' ಅಂತ ಒಂದು ಮಾತು ಬರೆದಿದ್ರೆ ಸಾಲದಾಗಿತ್ತಾ? ಇಪ್ಪತ್ತಕ್ಕೆ ಇಪ್ಪತ್ತು ತಗೊಂಡೆಯಲ್ಲ, ತಗೋ!"

"ತಾತನಿಗೆ ಹಾಗೆಲ್ಲ ಅನ್ನಬಾರದು," ಎಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲಿನ ಮೊಟ್ಟೆಗಳನ್ನು ತಣ್ಣೀರಿಗೆ ಹಾಕುತ್ತಿದ್ದಳು.

ತಾತ ಹಾಳೆಯನ್ನು ಕೈಗೆ ತೆಗೆದುಕೊಂಡ. ಹಿಂದೆಮುಂದೆ ತಿರುಗಿಸಿ ನೋಡಿದ. ನಲವತ್ತು ವರ್ಷದ ಹಿಂದೆ ಯಾವ ಬೀದಿಯ ಯಾವ ಮನೆಯ ಮುಂದೆ ಪೈಪು ಒಡೆದಿತ್ತು ಎಂಬುದನ್ನು ತಾರೀಖು ಸಮೇತ ಹೇಳಬಲ್ಲವನು ಅವನು.

"ಓದಮ್ಮ," ಎಂದ. "ಮರೆವು ಅಂತಲೇ ಓದು. ನನಗೇನಾಗಬೇಕಿದೆ ಈ ವಯಸ್ಸಲ್ಲಿ. ಕೆಲಸ ದೊಡ್ಡದು."

"ಮಾವ, ಮೊಟ್ಟೆ ಸುಲಿದು ಕೊಡ್ಲಾ?"

"ಕೊಡು."

ಅಂದು ಎಲ್ಲರೂ ಒಂದೊಂದು ಮೊಟ್ಟೆ ತಿಂದು ಎದ್ದರು. ಸೂಜಿ ತಾತನಿಗೆ ಬೆನ್ನು ತಿರುಗಿಸಿ ಮಲಗಿದಳು. ಶುಕ್ರವಾರ, ಶನಿವಾರ ಆ ಮನೆಯಲ್ಲಿ ಬಕೆಟ್ಟಿನ ಸದ್ದು, ಬಾಗಿಲಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ತಾತ ಫೋನನ್ನು ಮುಟ್ಟಲಿಲ್ಲ. ಉತ್ತರ ಸಿಗದ ಪ್ರತಿಕ್ರಿಯೆಗಳು ಇನ್ನೂರ ನಲವತ್ತಾದವು.

*

ಭಾನುವಾರ ಮಧ್ಯಾಹ್ನ ಅರ್ಧ ಪಾಳಿ ಮುಗಿಸಿ ಗಿಡ್ಡಕ್ಕ ತಾಯಿಯ ಜೊತೆಗೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಎಲ್ಲಪ್ಪ ನಮ್ಮ ಹಳೇ ಗುಮಾಸ್ತರು?" ಎಂದು ಕೂಗಿದಳು.

ತಾತ ಒಳಕೋಣೆಯಿಂದ ಬಂದು ಕೈಮುಗಿದ. "ತಪ್ಪಾಯ್ತಮ್ಮ. ನಿನ್ನನ್ನ ಒಂದು ಮಾತು ಕೇಳಬೇಕಾಗಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ. ಕೇಳದೇ ಇದ್ದಿದ್ದೇ ಒಳ್ಳೇದಾಯ್ತು." ಗಿಡ್ಡಕ್ಕ ಕುರ್ಚಿ ಎಳೆದು ಕೂತಳು. "ಏನು ಬರೆದಿದ್ರಿ ಓದಿ ನೋಡೋಣ. ಎಲ್ಲರೂ ಓದಿದಾರೆ, ನನ್ನೊಬ್ಬಳನ್ನು ಬಿಟ್ಟು. ನನಗೆ ಆ ಸಣ್ಣ ಅಕ್ಷರ ಕಾಣಲ್ಲ."

ತಾತ ನೋಡದೆಯೇ ಹೇಳಿದ, ಮೊದಲಿನಿಂದ ಕೊನೆಯವರೆಗೆ, 'ಮಾನ್ಯರೇ'ಯಿಂದ 'ವಂದನೆಗಳು' ತನಕ. ಗಿಡ್ಡಕ್ಕ ಕೇಳಿಸಿಕೊಂಡಳು.

"'ಕೆಲಸಗಾರ್ತಿ' ಅಂದಿದೀರಾ," ಎಂದಳು. "ಅವರ ಕಾಗದದಲ್ಲಿ ನಾನು 'ಸದರಿ ಮಹಿಳೆ'."

ಸೂಜಿ ಫೋನನ್ನು ಡಬ್ಬಿಗೆ ಒರಗಿಸಿದಳು. ಮೂರು ದಿನದಿಂದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಈಗಲೂ ಕೆಲಸದ ಮಾತಷ್ಟೇ. "ಹತ್ತಿರ ಕೂತ್ಕೊಳ್ಳಿ. ಬೆಳಕು ಈ ಕಡೆ. ಅಮ್ಮ, ಹಾಳೆ ಕೆಳಗೆ ಹಿಡ್ಕೋ, ಮುಖ ಮುಚ್ಚುತ್ತೆ."

ತಂದೆ ಗೋಡೆಗೆ ಒರಗಿ ನಿಂತಿದ್ದ. "ಬೇಗ ಮುಗಿಸಿ. ಊಟ ಮಾಡೋಣ."

"ಒಂದೇ ಸಲ ಓದ್ತೀನಿ," ಎಂದಳು ತಾಯಿ. "ಎರಡನೇ ಸಲ ಓದು ಅನ್ನಬೇಡಿ. ನನ್ನ ಕೈಲಾಗಲ್ಲ."

"ನಾನು ನಗ್ಬೇಕಂತೆ," ಎಂದು ಗಿಡ್ಡಕ್ಕ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. "ಹಲ್ಲು ಬಿಟ್ಟಾ, ಬಿಡದೇನಾ?"

"ನಿಮ್ಮಿಷ್ಟ ಅತ್ತೆ. ಹೂಂ, ಶುರು ಮಾಡು ಅಮ್ಮ."

ತಾಯಿ ಓದಿದಳು. ಬಸ್ಸಿನ ಟಿಕೇಟಿನ ಹಿಂದಿನ ಸೂಚನೆಗಳನ್ನು ಓದುವ ಹಾಗೆ ಓದಿದಳು. ಮನರಂಜನೆ ಎಂದಳು, ಸುರಕ್ಷತೆ ಎಂದಳು. ಮರೆವು ಎನ್ನುವಾಗ ತಾತ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ನಮ್ಮಲ್ಲಿ ಕೆಲಸದ ವೇಳೆ," ಎಂದು ತಾಯಿ ಓದುತ್ತಿದ್ದಾಗ ಗಿಡ್ಡಕ್ಕನ ಬಲಗೈ ಮೇಜಿನ ಕೆಳಗಿನಿಂದ ಮೇಲೆ ಬಂತು. ಯಾವ ಅವಸರವೂ ಇಲ್ಲದೆ ನೀರಿನ ಲೋಟದ ಕಡೆ ಹೋಯಿತು. ಹೆಬ್ಬೆರಳು, ತೋರುಬೆರಳು, ಕಿರುಬೆರಳು. ನಡುವೆ ಎರಡು ಮೊಂಡು, ಸುಟ್ಟು ನುಣುಪಾದ ತುದಿ. ಲೋಟ ಒಮ್ಮೆ ಜಾರಿತು. ಮತ್ತೆ ಹಿಡಿದಳು.

ತಾಯಿಗೆ ಕಂಡಿತು. ಅವಳ ದನಿ ನಿಂತಿತು, ಒಂದು ಎಣಿಕೆಯಷ್ಟು. ಗಿಡ್ಡಕ್ಕ ಲೋಟವನ್ನು ಬಾಯಿಗಿಡುವವರೆಗೆ. ಆಮೇಲೆ ಓದಿದಳು: "ಯಾರಿಗೂ ಯಾವ ಗಾಯವೂ ಆಗಿಲ್ಲ."

ಗಿಡ್ಡಕ್ಕ ನೀರು ಕುಡಿದು ಲೋಟವನ್ನು ಕೆಳಗಿಟ್ಟಳು. ಫೋನಿನ ಕಡೆ ನೋಡಿ, ಹೇಳಿದ್ದ ಹಾಗೆ ನಕ್ಕಳು.

ಸೂಜಿ ಚಿತ್ರೀಕರಣ ನಿಲ್ಲಿಸಿದಳು. ಮತ್ತೆ ಹಾಕಿ ನೋಡಿದಳು. ಫೋನನ್ನು ಎಲ್ಲರ ಕಡೆ ತಿರುಗಿಸಿದಳು. "ಕೈ ಬಂದಿದೆ. ಪೂರ್ತಿ ಬಂದಿದೆ. ಆ ಮಾತಿಗೆ ಸರಿಯಾಗಿ."

"ಏನಮ್ಮ ನೀನು!" ತಂದೆ ತಲೆ ಚಚ್ಚಿಕೊಂಡ. "ಕೈ ಕೆಳಗಿಡು ಅಂತ ಅವರು ಸಾವಿರ ಸಲ ಹೇಳಿ ಕಳಿಸಿಲ್ವಾ?"

"ಬಾಯಾರಿತ್ತಪ್ಪ. ಪಾಳಿ ಮುಗಿಸಿ ನೇರ ಬಂದಿದೀನಿ." ಗಿಡ್ಡಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀರು ಕುಡೀಬಾರದು ಅಂತ ಚೀಟೀಲಿ ಬರೆದಿಲ್ವಲ್ಲ."

"ಇನ್ನೊಂದು ಸಲ ಮಾಡಿ. ಸೂಜಿ, ಇನ್ನೊಂದು ಸಲ ಹಚ್ಚು."

ಸೂಜಿ ತಾಯಿಯ ಮುಖ ನೋಡಿದಳು. ಆ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ತಾಯಿ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಒಂದೇ ಸಲ ಅಂದಿದ್ದೆ."

"ಹಾಗಾದ್ರೆ ಇದನ್ನೇ ಹಾಕ್ಲಾ?"

ತಾತ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ, ಅಲ್ಲೇ ನಿಂತ.

"ಇದನ್ನ ಹಾಕಿದ್ರೆ ಕೆಲಸ ಹೋಗುತ್ತೆ," ಎಂದ ತಂದೆ. ಈಗ ಅವನು ಕೂಗುತ್ತಿರಲಿಲ್ಲ. "ಗೊತ್ತಿದೆ ತಾನೆ? ಹನ್ನೊಂದು ವರ್ಷದ ಕೆಲಸ."

"ಹೋಗುತ್ತೆ," ಎಂದಳು ತಾಯಿ.

"ಒಂದಲ್ಲ, ಎರಡು," ಎಂದಳು ಗಿಡ್ಡಕ್ಕ. "ನನ್ನದನ್ನೂ ಸೇರಿಸಿ ಲೆಕ್ಕ ಹಾಕು."

ತಂದೆ ಅವಳ ಕೈಯನ್ನು ನೋಡಿದ. ಎರಡು ವರ್ಷದಿಂದ ಅವಳು ಈ ಮನೆಗೆ ಬಂದುಹೋಗುತ್ತಿದ್ದಳು. ಅವನು ಆ ಕೈಯನ್ನು ಸರಿಯಾಗಿ ನೋಡಿರಲಿಲ್ಲ. ಗೋಡೆಯಿಂದ ಬೆನ್ನು ತೆಗೆದು, ಕುರ್ಚಿ ಎಳೆದುಕೊಂಡು, ಅವರ ಎದುರು ಕೂತ. "ನಿಮ್ಮ ತಲೆ ಕೆಟ್ಟಿದೆ," ಎಂದ.

ಸೂಜಿಯ ಬೆರಳು ಗಾಜಿನ ಮೇಲೆ ನಿಂತಿತ್ತು. "ಅಮ್ಮ, ಹೇಳು."

"ಹಾಕು."

ಅವಳು ಒತ್ತಿದಳು.

ತಾಯಿ ಎದ್ದು ಒಲೆ ಹಚ್ಚಿದಳು, ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಐದು ಜನಕ್ಕೆ ಸಾಲದು. ಇನ್ನೊಂದು ಹಿಡಿ ಅಕ್ಕಿ ತೊಳೆದು ಇಟ್ಟಳು.

"ಗಿಡ್ಡಿ, ಊಟಕ್ಕೆ ಇರ್ತೀಯಲ್ಲ?"

"ಇರದೇ ಏನು. ನಾಳೆ ಬೆಳಿಗ್ಗೆ ಬೇಗ ಏಳೋ ಕೆಲಸ ಇಲ್ಲವಲ್ಲ."